ಕೌದಿಯ ಮೂಲೆಗೆ ಇಟ್ಟ ರೊಟ್ಟಿ

ನನ್ನ ಮೊಮ್ಮಗ ಇವತ್ತು ಮನೆಗೆ ಬಂದ. ರಾಜನ ದೇಶದ ಜೈಲಿನಿಂದ ಬಿಡಿಸಿಕೊಂಡು, ರೋಣದ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯ ತನಕ ತನ್ನ ಎರಡು ಕಾಲಿನ ಮೇಲೆ ನಡೆದು ಬಂದ. ಆಟೋ ಹಿಡಿ ಎಂದರೆ ಕೇಳಲಿಲ್ಲ. ನೋಡುವವರು ನೋಡಲಿ ಎಂದು ನಡೆದೇ ಬಂದ. ನೋಡಿದರು. ನೋಡಬಾರದೆಂದು ಬಾಗಿಲು ಹಾಕಿಕೊಂಡವರೂ ಇದ್ದಾರೆ. ಆ ಬಾಗಿಲುಗಳನ್ನು ನಾನು ಗುರುತಿಟ್ಟುಕೊಂಡಿದ್ದೇನೆ.

ಬೆಳಗಿನಿಂದ ನನಗೆ ಕೈಕಾಲು ನಿಲ್ಲುತ್ತಿಲ್ಲ. ಸಕ್ಕರೆ ಡಬ್ಬಿ ಎಂದು ಉಪ್ಪಿನ ಡಬ್ಬಿ ತೆಗೆದು ಚಹಾ ಮಾಡಿದೆ. ಕುಡಿದವರು ಚಲೋ ಆಗೇತಿ ಎಂದು ಕುಡಿದು ಹೋದರು. ಮೊಮ್ಮಗನ ತಲೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಇಷ್ಟು ಸಂತೋಷದ ದಿನ ಸಿಟ್ಟು ಯಾಕೆ ಎಂದು ನನ್ನ ಸೊಸೆ ಕೇಳುತ್ತಾಳೆ. ಹಾಲು ಉಕ್ಕುವಾಗ ಒಲೆಯೂ ಸುಡುತ್ತಿರುತ್ತದೆ, ಅದಕ್ಕೆ ಏನು ಮಾಡಲಿ. ಸಿಟ್ಟು ಬಿಟ್ಟು ಬರೀ ಸಂತೋಷವನ್ನು ಹೇಳು ಎಂದರೆ ನನ್ನ ಕೈಯಲ್ಲಿ ಆಗುವುದಿಲ್ಲ.

ನಾವು ಪಿಂಜಾರರು. ನಮ್ಮ ಮನೆಯ ಗಂಡಸರು ಹತ್ತಿ ಹಿಂಜಿ ಗಾದಿ ಮಾಡುತ್ತಾರೆ, ಹೆಂಗಸರು ಕೌದಿ ಹೊಲಿಯುತ್ತೇವೆ. ಹರಿದ ಸೀರೆ, ಹಳೇ ಧೋತರ, ಮಕ್ಕಳ ಅಂಗಿ, ಯಾರದೇ ಇರಲಿ, ತುಂಡು ಮಾಡಿ ಒಂದಕ್ಕೊಂದು ಜೋಡಿಸಿದರೆ ಕೌದಿ. ಗೌಡರ ಮನೆಯ ರೇಷ್ಮೆಯ ಪಕ್ಕದಲ್ಲಿ ಕುರುಬರ ಕಂಬಳಿಯ ಚೂರು ಬರುತ್ತದೆ. ಕೌದಿಯಲ್ಲಿ ಯಾವುದು ತಲೆ, ಯಾವುದು ಕಾಲು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೊದ್ದವರು ತಲೆ ಇಟ್ಟ ಕಡೆ ತಲೆ. ಇನ್ನೊಂದು ಪದ್ಧತಿ ನನ್ನ ಅತ್ತೆ ನನಗೆ ಕಲಿಸಿದ್ದು: ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ಅವಳ ನಂಬಿಕೆ. ಖರೇನೋ ಸುಳ್ಳೋ, ನಾನು ಹೊಲಿದ ಯಾವ ಕೌದಿಯೂ ಹಸಿದು ಹೋಗಿಲ್ಲ. ಈ ಮೊಮ್ಮಗ, ನನ್ನ ಮಗನ ಮಗ, ನನ್ನ ಪಕ್ಕ ಕುಳಿತೇ ಸೂಜಿ ಹಿಡಿದವನು. ರೊಟ್ಟಿ ಇಡುವ ಕೆಲಸ ಚಿಕ್ಕಂದಿನಲ್ಲಿ ಅವನದೇ. ಅರ್ಧ ಇಟ್ಟು ಅರ್ಧ ತಿನ್ನುತ್ತಿದ್ದ.

ಆ ಒಂದು ಚೂರು ರೊಟ್ಟಿ ಅವನನ್ನು ಜೈಲಿಗೆ ಒಯ್ದಿತು.

ಅವನನ್ನು ಆ ದೇಶಕ್ಕೆ ಕಳಿಸಿದವರು ನಮ್ಮ ಅಳಿಯ. ಗಜೇಂದ್ರಗಡದಲ್ಲಿ ಅವರ ಬಟ್ಟೆ ಅಂಗಡಿ ಇದೆ. ಅವರ ಖಾಸ ತಮ್ಮ ಬಹಳ ವರ್ಷದಿಂದ ರಾಜನ ದೇಶದಲ್ಲಿ ವ್ಯಾಪಾರ ಮಾಡುತ್ತಾನೆ. ಅಲ್ಲಿ ಒಬ್ಬ ಮುದುಕ ದರ್ಜಿಯ ಅಂಗಡಿಯಲ್ಲಿ ಕೆಲಸವಿದೆ, ಹುಡುಗ ಹೊಲಿಗೆಯಲ್ಲಿ ಚುರುಕು ಇದ್ದಾನೆ, ಕಳಿಸಿರಿ ಎಂದರು. ಕಳಿಸಿದೆವು.

ಅಲ್ಲಿ ರಾಜನೇ ಎಲ್ಲ. ಮಂತ್ರಿ ಆಗುವವರು ರಾಜನ ಚಿಕ್ಕಪ್ಪ, ರಾಜನ ಅಣ್ಣನ ಮಗ, ರಾಜನ ಷಡ್ಡಕ. ಜನ ಓಟು ಹಾಕುತ್ತಾರಂತೆ, ಆದರೆ ಆರಿಸಿ ಬಂದವರ ಮಾತನ್ನು ರಾಜ ಬೇಕಾದರೆ ಕೇಳುತ್ತಾನೆ, ಬೇಡವಾದರೆ ಎದ್ದು ಹೋಗಿರಿ ಎನ್ನುತ್ತಾನೆ. ಎದುರು ಮಾತನಾಡಿದವರನ್ನು ಮನೆಯಿಂದ ಎತ್ತಿ ಒಯ್ಯುತ್ತಾರೆ. ಎಲ್ಲಿಗೆ ಎಂದು ಹೆಂಡತಿ ಮಕ್ಕಳಿಗೂ ಹೇಳುವುದಿಲ್ಲ. ಇದಕ್ಕೆ ಬೇಸತ್ತು ಅಲ್ಲಿನ ಐದು ಪಕ್ಷಗಳು ಒಂದಾದವು. ಒಂದು ದೇವರನ್ನು ನಂಬುವವರದು, ಒಂದು ಕೆಂಪು ಬಾವುಟದವರದು, ಒಂದು ವಕೀಲರು ಮಾಸ್ತರರದು, ಉಳಿದವು ನನಗೆ ನೆನಪಿಲ್ಲ. ಮೊದಲು ಒಬ್ಬರ ಚಹಾ ಒಬ್ಬರು ಕುಡಿಯದವರು. ರಾಜ ಬೇಡ ಎಂದೇನೂ ಅವರು ಹೇಳಲಿಲ್ಲ. ರಾಜ ಇರಲಿ, ಮಂತ್ರಿಗಳನ್ನು ನಾವು ಆರಿಸುತ್ತೇವೆ, ಒಯ್ದವರನ್ನು ಬಿಡಿರಿ, ಒಳಗೆ ಹೊಡೆಯಬೇಡಿರಿ. ಇಷ್ಟೇ.

ಮೆರವಣಿಗೆಗೆ ಎಲ್ಲರದೂ ಸೇರಿ ಒಂದು ದೊಡ್ಡ ಬಾವುಟ ಬೇಕಾಯಿತು. ಮುದುಕ ದರ್ಜಿಯ ಅಂಗಡಿಗೆ ಬಂದು ಅಲ್ಲಿಯೇ ಜಗಳ ಶುರು. ನಮ್ಮ ಬಣ್ಣ ಮೇಲೆ ಬರಬೇಕು, ಇಲ್ಲ ನಮ್ಮದು. ಮಧ್ಯಾಹ್ನ ಹೋಗಿ ಸಂಜೆಯಾದರೂ ಮುಗಿಯಲಿಲ್ಲವಂತೆ. ನನ್ನ ಮೊಮ್ಮಗ ಮಷಿನ್ ನಿಲ್ಲಿಸಿ, ಐದೂ ಬಟ್ಟೆಯನ್ನು ಚೂರು ಚೂರು ಮಾಡಿ, ನಮ್ಮ ಮನೆಯ ಕೌದಿಯ ಹಾಗೆ ಸುತ್ತ ಜೋಡಿಸುತ್ತ ಹೋದ. ಹಿಂಗ ಹಿಡಿದರೂ ಅಷ್ಟೇ, ಹಂಗ ಹಿಡಿದರೂ ಅಷ್ಟೇ, ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ. ಜಗಳ ನಿಂತಿತು. ಕೊನೆಯ ಮೂಲೆಗೆ ಬಂದಾಗ ಕೈ ತನ್ನಷ್ಟಕ್ಕೆ ತಾನೇ ಬುತ್ತಿಯ ಡಬ್ಬಿಗೆ ಹೋಯಿತಂತೆ. ಒಂದು ಚೂರು ರೊಟ್ಟಿ ಇಟ್ಟು ಹೊಲಿದುಬಿಟ್ಟ.

ಮೆರವಣಿಗೆಯಲ್ಲಿ ಪೊಲೀಸರು ಬಾವುಟ ಕಸಿದುಕೊಂಡರು. ಮೂಲೆಯಲ್ಲಿ ಏನೋ ಗಟ್ಟಿ ಹತ್ತಿತು, ಬಿಚ್ಚಿದರು, ರೊಟ್ಟಿ. ಹೊಟ್ಟೆಗಿಲ್ಲದವರು ದಂಗೆ ಏಳಿರಿ ಎಂಬ ಗುಪ್ತ ಸಂಕೇತ ಇದು ಎಂದು ತೀರ್ಮಾನ ಮಾಡಿದರು. ಅಂಗಡಿಯ ಮುದುಕನನ್ನೂ ನನ್ನ ಮೊಮ್ಮಗನನ್ನೂ, ಬಟ್ಟೆ ತಂದುಕೊಟ್ಟವರನ್ನೂ ಒಯ್ದರು. ಎರಡು ರಂಜಾನ್ ಅವನು ಒಳಗೇ ಕಳೆದ.

ಸುದ್ದಿ ನಮಗೆ ಬಂದದ್ದು ಅಳಿಯನ ಮೂಲಕ. ಊರಿಗೆ ಬಂದದ್ದೂ ಅಳಿಯನ ಮೂಲಕವೇ. ಹುಡುಗನಿಗೂ ತಮಗೂ ಸಂಬಂಧವಿಲ್ಲ ಎಂದು ಗಜೇಂದ್ರಗಡದ ಪೇಟೆಯಲ್ಲಿ ಹೇಳಿಕೊಂಡು ತಿರುಗಿದರು. ಮೊದಲು ಸಂಬಂಧವಿಲ್ಲ ಎಂದವರು ಸ್ವಂತ ಸೋದರತ್ತೆಯ ಗಂಡ. ಆಮೇಲೆ ಓಣಿಯವರು. ನಮ್ಮಲ್ಲಿ ಗಾದಿ ಹಾಕಿಸಲು ಬರುತ್ತಿದ್ದವರು ಫೋಮಿನ ಹಾಸಿಗೆ ತಂದುಕೊಂಡರು. ಪಕ್ಕದ ಮನೆಯ ಗೌಡತಿ, ಗಟಾರದ ನೀರಿನ ವಿಷಯದಲ್ಲಿ ನನ್ನೊಡನೆ ಮಾತು ಬಿಟ್ಟು ವರ್ಷಗಳಾಗಿತ್ತು, ಕಟ್ಟೆಯ ಮೇಲೆ ನಿಂತು ನನಗೆ ಕೇಳಲಿ ಎಂದು ಅಂದಳು, "ಕೆಲಸಾ ಬಿಟ್ಟು ಬಾವುಟ ಹೊಲ್ಯಾಕ ಹೋದ್ರ ಹಿಂಗ ಆಗೂದು." ನಾನು ನಮ್ಮ ಕಡೆಯ ಗಟಾರಕ್ಕೆ ಒಂದು ಬಿಂದಿಗೆ ನೀರು ಹೆಚ್ಚಿಗೆ ಸುರಿದೆ.

ನರಗುಂದಕ್ಕೆ ಹತ್ತಿ ತರಲು ಮಗನೊಡನೆ ಹೋದಾಗ ಸಾವುಕಾರ ತಕ್ಕಡಿ ಹಿಡಿದುಕೊಂಡೇ ಕೇಳಿದ, "ಏನ ಆಯಿ, ನಿನ್ನ ಮೊಮ್ಮಗ ರಾಜನ್ನ ಇಳಸಾಕ ಹೋಗಿದ್ದನಂತ?"

"ಇಳಸಾಕಲ್ರಿ, ಹೊಲ್ಯಾಕ."

"ಅನ್ನಾ ಹಾಕಿದಾವರ ಮ್ಯಾಲ ತಿರುಗಿ ಬೀಳಬಾರದು."

"ಅನ್ನಾ ಯಾರ ಹಾಕಿದ್ರು ಸಾವ್ಕಾರ? ಇಂವ ಹೊಲದ ಅಂಗಿ ಅವರ ಮೈಮ್ಯಾಲ ಐತಿ. ಅವರ ಹಾಕಿದ್ದು ಬೇಡಿ. ಮತ್ತ ನಿಮ್ಮೂರಾಗ ಬಂಡಾಯದಾವರಿಗೆ ಹಾರಾ ಹಾಕ್ತೀರಲ್ಲ, ಅವರು ಯಾರ ಮ್ಯಾಲ ತಿರುಗಿ ಬಿದ್ದಿದ್ರು?"

"ಅದು ಬ್ಯಾರೆ."

"ಹ್ಯಾಂಗ ಬ್ಯಾರೆ, ಹೇಳ್ರಿ. ನಾ ಸಾಲಿ ಕಲತಾಕಿ ಅಲ್ಲ, ತಿಳಿಯಂಗ ಹೇಳ್ರಿ."

ಅವನು ಹತ್ತಿಯ ತೂಕ ನೋಡಿದ, ನನ್ನ ಮುಖ ನೋಡಲಿಲ್ಲ. ಮಗ ನನ್ನ ತೋಳು ಹಿಡಿದು ಹೊರಗೆ ಕರೆತಂದ. ನನ್ನ ಮಗ ಮೆತ್ತಗಿನ ಮನುಷ್ಯ, ಹತ್ತಿಯಲ್ಲಿಯೇ ಬೆಳೆದವನು. ಬಸ್ಸಿನಲ್ಲಿ ಯಾವಗಲ್ ದಾಟುವ ತನಕ ಟಿಕೆಟ್ಟನ್ನು ಮಡಚುತ್ತ ಬಿಚ್ಚುತ್ತ ಕುಳಿತ. ಆಮೇಲೆ ಒಂದೇ ಮಾತು, "ಯವ್ವಾ, ಅಂವ ಬರ್ತಾನಿಲ್ಲೋ?" ನನಗೆ ಆ ಸಾವುಕಾರನ ತಕ್ಕಡಿಯನ್ನೇ ಎತ್ತಿ ಅವನ ತಲೆಗೆ ಹಾಕಬೇಕಿತ್ತು ಅನ್ನಿಸಿತು.

ಮುಂದೆ ಒಂದು ದಿನ ಅಳಿಯ ತಾವಾಗಿಯೇ ಕರೆ ಕಳಿಸಿದರು. ಜೈಲಿನಿಂದ ಫೋನ್ ಬರುವ ಹಾಗೆ ಅವರ ತಮ್ಮ ವ್ಯವಸ್ಥೆ ಮಾಡಿದ್ದಾನೆ, ಗಜೇಂದ್ರಗಡಕ್ಕೆ ಬರ್ರಿ ಎಂದು. ಓಡಿ ಹೋದೆ. ಮಗಳು ಒಳಗೆ ಬಾ ಎನ್ನುವ ಮೊದಲೇ ಅಳಿಯ ಕುರ್ಚಿ ಎಳೆದು ನನ್ನ ಮುಂದೆ ಕುಳಿತರು.

"ಅತ್ತಿ, ಹುಡುಗಗ ಬಿಡ್ತಾರಂತ. ಒಂದ ಮಾತ ಹೇಳಿ ಸಹಿ ಹಾಕಿದ್ರ ಆತು. ಆ ಪಕ್ಷದಾವರ ರೊಟ್ಟಿ ಇಡು ಅಂತ ಹೇಳಿದ್ರು, ಅದಕ್ಕ ಇಟ್ಟೆ, ಇಷ್ಟ ಅನ್ಲಿ. ಅಂವ ಒಲ್ಲೆ ಅನ್ನಾಕತ್ಯಾನಂತ. ನಿಮ್ಮ ಮಾತ ಕೇಳ್ತಾನ, ನೀವ ಹೇಳ್ರಿ."

"ಅವರು ಹೇಳಿದ್ರೇನ್ರಿ?"

"ಹೇಳಿದ್ರೋ ಬಿಟ್ರೋ, ಯಾರ ನೋಡ್ಯಾರ."

"ಹಂಗ ಅಂದ್ರ ಅವರಿಗೆ ಏನ ಮಾಡ್ತಾರ್ರಿ?"

"ಅವರದು ಅವರ ನೋಡ್ಕೋತಾರ. ನಮ್ಮ ತಮ್ಮನ ಅಂಗಡಿ ಮ್ಯಾಲೂ ಕಣ್ಣ ಇಟ್ಟಾರಂತ. ನಿಮ್ಮ ಹುಡುಗನ ಸಲುವಾಗಿ ನಾವ ಬೀದಿಗೆ ಬೀಳ್ಬೇಕೇನ್ರಿ?"

ಅಳಿಯನ ಸಿಟ್ಟಿನ ಬುಡ ಎಲ್ಲಿದೆ ಎಂದು ಆಗ ಕಂಡಿತು. ಹುಡುಗನದಲ್ಲ, ಅಂಗಡಿಯದು.

ಫೋನ್ ಬಂತು. ಅಳಿಯ ಅದನ್ನು ಜೋರಾಗಿ ಕೇಳುವ ಹಾಗೆ ಮಾಡಿ ನನ್ನ ಮುಂದೆ ಹಿಡಿದರು. ಮೊಮ್ಮಗನ ಧ್ವನಿ ಮುದುಕನ ಧ್ವನಿಯ ಹಾಗೆ ಆಗಿತ್ತು.

"ಆಯಿ, ಆರಾಮ ಅದೀಯಾ?"

"ಅದೀನಿ. ಉಂಡೀ?"

"ಉಂಡೀನಿ. ಆಯಿ, ಮಾವ ಹೇಳಿದ್ದ ಕೇಳಿದಿ? ನೀ ಏನ ಅಂತಿ ಹಂಗ ಮಾಡ್ತೀನಿ. ನನಗ ಸಾಕಾಗೇತಿ."

ಸಹಿ ಹಾಕು, ಬಂದುಬಿಡು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಳಿಯ ಕಣ್ಣಿನಲ್ಲಿಯೇ ಅನ್ರಿ, ಅನ್ರಿ ಎನ್ನುತ್ತಿದ್ದರು. ಆದರೆ ಆ ಐದು ಪಕ್ಷದವರ ಮನೆಯಲ್ಲಿ ನನ್ನಂಥವಳು ಒಬ್ಬಳು ಫೋನ್ ಕಾಯುತ್ತ ಕುಳಿತಿರಬೇಕಲ್ಲ ಎಂಬುದು ತಲೆಯಿಂದ ಹೋಗಲಿಲ್ಲ.

"ರೊಟ್ಟಿ ಯಾರ ಇಟ್ರಪಾ?" ಎಂದೆ.

"ನಾನ ಇಟ್ಟೆ."

"ಇಡು ಅಂತ ನಿನಗ ಯಾರ ಹೇಳಿದ್ರು?"

"ನೀನ ಕಲಿಸಿದ್ದಿ," ಅಂದ.

"ಮತ್ತ ನನ್ನ ಹೆಸರ ಹೇಳು. ರೋಣದಾಗ ಆಯಿ ಅದಾಳ, ಆಕಿ ಹೇಳಿದ್ಲು ಅಂತ ಬರಿಸು. ಬ್ಯಾರೆ ಯಾರ ಹೆಸರೂ ಹೇಳಬ್ಯಾಡ."

ಅಳಿಯ ಫೋನ್ ಕಸಿದುಕೊಂಡರು, ಅಷ್ಟರಲ್ಲಿ ಅದು ಕಟ್ ಆಗಿತ್ತು. ನನ್ನ ಮಗಳ ಕಡೆ ತಿರುಗಿ, "ನಿಮ್ಮವ್ವಗ ತಲಿ ಕೆಟ್ಟೈತಿ, ಬಸ್ಸಿಗೆ ಹತ್ತಿಸಿ ಬಾ," ಎಂದರು. ಮಗಳು ಅಳುತ್ತ ಚಹಾ ಇಡಲು ಹೋದಳು. ನಾನು ಕುಡಿಯದೇ ಎದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಳ್ಳುತ್ತ ಬಂದೆ, ಮೊಮ್ಮಗನನ್ನು ನಾನೇ ಒಳಗೆ ಕೂಡಿ ಹಾಕಿ ಬಂದ ಹಾಗಾಯಿತೇ ಎಂದು. ಅಳಿಯನಿಗೆ ನಾನು ಮನಸ್ಸಿನಲ್ಲಿ ಕೊಟ್ಟ ಬೈಗುಳ ಇಲ್ಲಿ ಹೇಳುವಂಥದಲ್ಲ.

ಕೆಲ ದಿನಗಳ ನಂತರ ಅವನ ತಂಗಿಯ, ನನ್ನ ಮೊಮ್ಮಗಳ ಮೊಬೈಲಿಗೆ ರಾಜನ ದೇಶದಿಂದ ಒಬ್ಬ ಹೆಣ್ಣುಮಗಳ ಮುಖ ಬಂತು. ಆ ಐದು ಪಕ್ಷದವರ ವಕೀಲಳು. ಪಕ್ಕದಲ್ಲಿ ಹಿಂದಿ ಬಲ್ಲವನೊಬ್ಬ ಅವಳ ಮಾತನ್ನು ತಿರುಗಿಸಿ ಹೇಳುತ್ತಿದ್ದ. ದಂಗೆಯ ಸಂಕೇತ ಕಲಿಸಿಕೊಟ್ಟವಳು ರೋಣ ಎಂಬ ಊರಿನ ಮುದುಕಿ ಎಂದು ಈಗ ಕೋರ್ಟಿನಲ್ಲಿ ದಾಖಲಾಗಿದೆಯಂತೆ. ಹೇಳುತ್ತ ಹೇಳುತ್ತ ಆ ವಕೀಲಳಿಗೇ ನಗು ಬಂತು. ಆಮೇಲೆ ನಗು ನಿಲ್ಲಿಸಿ, ಇದು ನಿಮ್ಮ ಕಡೆಯ ಪದ್ಧತಿ ಎಂದು ತೋರಿಸಬಲ್ಲಿರಾ ಎಂದು ಕೇಳಿದಳು. ನಿಮ್ಮ ಒಂದೇ ಮನೆಯ ಕೌದಿ ತೋರಿಸಿದರೆ ನಿನ್ನೆ ಇಟ್ಟು ಹೊಲಿದದ್ದು ಎನ್ನುತ್ತಾರೆ. ಬೇರೆ ಮನೆಯವು, ಬೇರೆ ಜಾತಿಯವು, ಹಳೆಯವು ಬೇಕು.

ಬೇರೆ ಮನೆ ಎಂದರೆ ಯಾವ ಮನೆ? ನಮ್ಮ ಮುಖ ನೋಡಿ ಬಾಗಿಲು ಹಾಕುವ ಮನೆಗಳು. ನಾನು ಓಣಿಯ ನಲ್ಲಿಯ ಹತ್ತಿರ ನಿಂತು, ಯಾರ ಮುಖವನ್ನೂ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಜೋರಾಗಿ ಹೇಳಿದೆ. ಕೌದಿಯಲ್ಲಿ ರೊಟ್ಟಿ ಇಡುವುದು ಆ ದೇಶದಲ್ಲಿ ಅಪರಾಧವಂತೆ, ಇಟ್ಟವರು ಕಳ್ಳರಂತೆ. ಹೆಂಗಸರು ಕೊಡ ತುಂಬಿಕೊಂಡು ಹೋದರು.

ಸಂಜೆಯ ಮುಂದೆ ಗೌಡತಿ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಕೌದಿ.

"ಇದು ನಮ್ಮತ್ತಿ ಹೊಲದಿದ್ದು. ಅಂದ್ರ ನಮ್ಮತ್ತೀನೂ ಕಳ್ಳಿ ಅಂದಂಗ ಆತೇನು?"

"ಆ ರಾಜನ ಲೆಕ್ಕದಾಗ ಹೌದು."

"ಬಿಚ್ಚು. ಇದರಾಗ ಹೋಳಿಗಿ ಐತಿ, ನಿಮ್ಮಂಗ ಒಣಾ ರೊಟ್ಟಿ ಅಲ್ಲ. ಮತ್ತ ನೋಡು, ನಾ ನಿನ್ನ ಸಲುವಾಗಿ ಬಂದಿಲ್ಲ. ಗಟಾರದ ಮಾತ ಹಂಗ ಐತಿ."

"ಹಂಗ ಇರ್ಲಿ," ಎಂದೆ.

ಆ ಐದು ಪಕ್ಷಗಳು ಹ್ಯಾಗೆ ಒಂದಾದವು ಎಂದು ನನಗೆ ತಿಳಿದದ್ದು ಆಗ. ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹುಟ್ಟಿ ಅಲ್ಲ. ಬೇರೊಬ್ಬರ ಮೇಲಿನ ಸಿಟ್ಟು ಗಟಾರದ ಸಿಟ್ಟಿಗಿಂತ ದೊಡ್ಡದಾದಾಗ.

ಗೌಡತಿ ಬಂದದ್ದನ್ನು ಕಂಡು ಉಳಿದವರು ಬಂದರು. ಅವಳ ತಂಗಿ ಸವಡಿಯಿಂದ ಎರಡು ಕೌದಿ ಕಳಿಸಿದಳು. ಮೊಮ್ಮಗಳು ಮೊಬೈಲ್ ಹಿಡಿದು ನಿಂತಳು, ಆ ಕಡೆ ವಕೀಲಳು ನೋಡುತ್ತಿದ್ದಳು. ನಾನು ಒಂದೊಂದೇ ಮೂಲೆ ಬಿಚ್ಚುತ್ತ ಹೋದೆ. ಗೌಡತಿಯದರಲ್ಲಿ ಹೋಳಿಗೆಯೇ ಇತ್ತೋ ಏನೋ, ಕರಿ ಪುಡಿ ಆಗಿತ್ತು. ಅದು ಹೋಳಿಗೆಯೇ ಎಂದು ಅವಳು ಮೊಬೈಲಿಗೆ ಕನ್ನಡದಲ್ಲಿಯೇ ವಾದ ಮಾಡಿದಳು. ಒಂದು ಕೌದಿಯಲ್ಲಿ ಮಾತ್ರ ಏನೂ ಸಿಗಲಿಲ್ಲ. "ಅದಕ್ಕ ನಿನ್ನ ಗಂಡ ರಾತ್ರಿಯೆಲ್ಲಾ ಒದ್ದಾಡತಾನ," ಎಂದು ಗೌಡತಿ ಆ ಕೌದಿಯವಳಿಗೆ ಅಂದಳು. ಅವಳು ಸಿಟ್ಟಾಗಿ ಕೌದಿ ಮಡಚಿಕೊಂಡು ಹೋದಳು. ಇವತ್ತಿಗೂ ನಮ್ಮಿಬ್ಬರ ಜೊತೆ ಮಾತಿಲ್ಲ.

ನ್ಯಾಯಾಧೀಶ ಅದನ್ನೆಲ್ಲ ನೋಡಿದನೋ, ನೋಡಿದ ಹಾಗೆ ಮಾಡಿದನೋ ತಿಳಿಯದು. ರೊಟ್ಟಿಯ ಆರೋಪ ಬಿಟ್ಟರು, ಬಾವುಟ ಹೊಲಿದ ಆರೋಪ ಬಿಡಲಿಲ್ಲ. ಒಳಗಿದ್ದಷ್ಟು ದಿನವನ್ನೇ ಶಿಕ್ಷೆ ಎಂದು ಹಿಡಿದು, ಇನ್ನೆಂದೂ ಇಲ್ಲಿ ಕಾಲಿಡಬೇಡ ಎಂದು ವಿಮಾನ ಹತ್ತಿಸಿದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಅನ್ನುವ ಜನ ಆಗಿದ್ದರೆ ಬಾವುಟವೇ ಬೇಕಾಗುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ನರಗುಂದದಿಂದ ಫೋನ್ ಮಾಡಿದ, "ಆಯಿ, ಬಸ್ ಹತ್ತೀನಿ." ಯಾವಗಲ್ಲಿಗೆ ಬಂದು ಮತ್ತೆ ಮಾಡಿದ. ಬಂದವನನ್ನು ನೋಡಿದರೆ ಅಂಗಿ ಬೇರೆಯವರದು ಹಾಕಿಕೊಂಡ ಹಾಗೆ ಜೋತಾಡುತ್ತಿತ್ತು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಬಾಗಿಲ ಸಂದಿಯಲ್ಲಿ ಸಿಕ್ಕಿತ್ತು ಅಂದ. ಯಾರು ಹಾಕಿದ ಬಾಗಿಲು ಎಂದು ನಾನು ಕೇಳಲಿಲ್ಲ, ಅವನಮ್ಮ ಅಲ್ಲಿಯೇ ನಿಂತಿದ್ದಳು. ಒಳಗೆ ಹೋಗಿ ಹಿಟ್ಟು ನಾದಿದೆ. ಆ ಹಿಟ್ಟಿಗೆ ಗೊತ್ತು ನಾನು ಯಾರನ್ನು ಹೊಡೆಯುತ್ತಿದ್ದೆ ಎಂದು.

ಸಂಜೆ ಗಜೇಂದ್ರಗಡದಿಂದ ಮಗಳು, ಅಳಿಯ ಬಂದರು. ಅಳಿಯನ ಕೈಯಲ್ಲಿ ಪೇಡೆಯ ಡಬ್ಬಿ. ಹುಡುಗನ ಬೆನ್ನು ತಟ್ಟಿ, "ನಾವ ಅಂದಿದ್ವಿ, ಬಂದ ಬರ್ತಾನ ಅಂತ," ಎಂದರು. ಮಗಳು ನನ್ನ ಸೀರೆಯ ಸೆರಗು ಎಳೆದಳು, ಸುಮ್ಮನಿರು ಎಂದು. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು. ಮಟನ್ ಸಾರು, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಸಿಹಿಗೆ ಮಾದಲಿ. ಗೌಡತಿ ಗೋಡೆಯ ಮೇಲಿಂದ ಒಂದು ತಾಟು ಹೋಳಿಗೆ ದಾಟಿಸಿದಳು, "ತಾಟ ತಿರುಗಿ ಕಳಿಸು," ಎಂದಷ್ಟೇ ಅಂದಳು. ಮೊಮ್ಮಗ ಬೆರಳು ಮಡಚದ ಕೈಯಿಂದಲೇ ರೊಟ್ಟಿ ಮುರಿದ. ಯಾರೂ ಸಹಾಯಕ್ಕೆ ಹೋಗಬಾರದು ಎಂದು ನಾನು ಕಣ್ಣಲ್ಲೇ ಎಲ್ಲರಿಗೂ ಹೇಳಿದ್ದೆ.

"ಆ ಬಾವುಟ ಎಲ್ಲೈತೋ?" ಎಂದು ನನ್ನ ಮಗ ಕೇಳಿದ.

"ಪೊಲೀಸರ ಹತ್ರ. ರೊಟ್ಟಿ ಚೂರನೂ ಒಂದ ಡಬ್ಬ್ಯಾಗ ಹಾಕಿ ಸೀಲ್ ಮಾಡಿ ಇಟ್ಟಾರ."

"ಎರಡ ವರ್ಷದ ರೊಟ್ಟಿ. ಕಾವಲಗಾರ ಬ್ಯಾರೆ ಅದಾನೇನು?" ಎಂದೆ.

"ಅದಾನ. ನನಗಿಂತಾ ಚಲೋ ನೋಡ್ಕೋತಾರ ಅದನ್ನ."

ಸೊಸೆ ನಗುವುದಕ್ಕೆ ಹೋಗಿ ಅತ್ತಳು. ಅಂಗಡಿಯ ಮುದುಕ ಇನ್ನೂ ಒಳಗಿದ್ದಾನೆ ಎಂದು ಅವನು ಹೇಳಿದ, ಬಟ್ಟೆ ತಂದುಕೊಟ್ಟ ಇಬ್ಬರೂ ಒಳಗಿದ್ದಾರೆ. ಹೊರಗಿದ್ದ ಪಕ್ಷಗಳಲ್ಲಿ ಎರಡು ಆಗಲೇ ಮತ್ತೆ ಜಗಳ ತೆಗೆದಿವೆಯಂತೆ.

ಅಳಿಯ ತಾಟು ಖಾಲಿ ಮಾಡಿ ನನ್ನ ಕಡೆ ನೋಡಿದರು. "ಅತ್ತಿ, ಬಿಸಿ ರೊಟ್ಟಿ ಐತೇನ್ರಿ?"

ಹಂಚಿನ ಮೇಲೆ ಒಂದು ಉಬ್ಬಿತ್ತು. ಅದನ್ನು ಮೊಮ್ಮಗನ ತಾಟಿಗೆ ಹಾಕಿದೆ. ಅಳಿಯನಿಗೆ ಬುಟ್ಟಿಯ ತಳದಿಂದ ಒಣಗಿದ ಕಡಕ್ ರೊಟ್ಟಿ ತೆಗೆದುಕೊಟ್ಟೆ. ಎರಡೂ ಕೈಯಿಂದ ಮುರಿದರು, ಟಪ್ ಎಂದು ಸಪ್ಪಳವಾಯಿತು. ಮೊಮ್ಮಗ ತಲೆ ತಗ್ಗಿಸಿದ. ಅವನ ಹೆಗಲು ಅಲುಗಿದ್ದನ್ನು ಕಂಡು ಅಳುತ್ತಾನೇನೋ ಎಂದುಕೊಂಡೆ. ನಗುತ್ತಿದ್ದ. ಬಂದಾಗಿನಿಂದ ಅದೇ ಮೊದಲು.

"ಉಣ್ರಿ ಅಳಿಯಾರ," ಎಂದೆ. "ಹಸದಿರಬಾರದು."

ಉಂಡರು. ಎಲ್ಲರೂ ಉಂಡೆವು.